ಮೆನ್ನೋನೈಟ್ ಓಮಾ ತೀರಿಕೊಂಡರು, ಊಟದ ಹೊತ್ತಲ್ಲಿ ನಾನು ಮಾತಾಡಬೇಕಂತೆ. ಏನು ಹೇಳಲಿ?

ವಿನ್ನಿಪೆಗ್_ಚಳಿ:
ಎಲ್ಲರಿಗೂ ನಮಸ್ಕಾರ. ನಾವು ಕೆನಡಾಕ್ಕೆ ಬಂದ ಹೊಸದರಲ್ಲಿ ತಮ್ಮ ಮನೆಯ ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ ಮೊನ್ನೆ ತೀರಿಕೊಂಡರು. ತೊಂಬತ್ತು ದಾಟಿತ್ತು. ಮೆನ್ನೋನೈಟ್ ಅನ್ನುವ ಕ್ರೈಸ್ತ ಪಂಥದವರು. ಮೊಮ್ಮಕ್ಕಳಿಗೆಲ್ಲ ಅವರು ಓಮಾ, ಅಂದರೆ ಜರ್ಮನ್‌ನಲ್ಲಿ ಅಜ್ಜಿ. ನನ್ನ ಮಗಳೂ ಓಮಾ ಅಂತಲೇ ಕರೆದು ಬೆಳೆದಳು.

ಶನಿವಾರ ಅಂತ್ಯಕ್ರಿಯೆ. ಮಣ್ಣು ಮಾಡಿ ಬಂದಮೇಲೆ ಚರ್ಚಿನ ಬೇಸ್‌ಮೆಂಟಿನಲ್ಲಿ ಊಟ. ಊಟ ಮುಗಿಯುತ್ತಾ ಬಂದಾಗ ಯಾರು ಬೇಕಾದರೂ ಎದ್ದು ನಾಲ್ಕು ಮಾತಾಡಬಹುದಂತೆ. ದೊಡ್ಡ ಮಗ ಫೋನ್ ಮಾಡಿ "ನೀವು ಮಾತಾಡಲೇಬೇಕು" ಅಂದರು. ಚರ್ಚಿನಲ್ಲಿ ಓದುವ ಜೀವನಚರಿತ್ರೆಯ ಕರಡನ್ನೂ ಕಳಿಸಿದ್ದಾರೆ. ಹುಟ್ಟಿದ್ದು ಉಕ್ರೇನಿನ ಮೊಲೊಚ್ನಾ ಅನ್ನುವ ಮೆನ್ನೋನೈಟ್ ವಸಾಹತಿನ ಹಳ್ಳಿಯಲ್ಲಿ, 1934. ಅಪ್ಪನನ್ನು ಸ್ಟಾಲಿನ್ ಪೊಲೀಸರು ಒಯ್ದದ್ದು 1937. ಗಾಡಿ ಕಟ್ಟಿಕೊಂಡು ಊರು ಬಿಟ್ಟಿದ್ದು 1943. ಹಡಗು, ಪರಾಗ್ವೆ, ದೀಕ್ಷಾಸ್ನಾನ, ವಿನ್ನಿಪೆಗ್, ಮದುವೆ, ಐದು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಕೊನೆಗೆ "ನಂಬಿಗಸ್ತ ತಾಯಿ, ಪ್ರಾರ್ಥನೆಯ ಹೆಂಗಸು."

ಒಂದೂ ಸುಳ್ಳಲ್ಲ. ಆದರೆ ಓದಿದರೆ ನನಗೆ ಗೊತ್ತಿದ್ದ ಓಮಾ ಅಲ್ಲಿ ಸಿಗುವುದಿಲ್ಲ. ನಾನೇನು ಹೇಳಲಿ? ಹೊರಗಿನವನು ಎಷ್ಟು ಹೇಳಬಹುದು? ಕಪ್ಪು ಬಟ್ಟೆ ಬೇಕಾ, ಹೂವು ಒಯ್ಯಬೇಕಾ? ನಾವು ಸಸ್ಯಾಹಾರಿಗಳು, ಅದೊಂದು ಬೇರೆ ಚಿಂತೆ.

ಸುಮ್ನೆ_ಬಂದೆ:
ಮೆನ್ನೋನೈಟ್ ಅಂದ್ರೆ ಕುದುರೆ ಗಾಡಿಯವರು ತಾನೇ? ಕರೆಂಟ್ ಕೂಡ ಹಾಕಿಸಲ್ಲ ಅಂತಾರಲ್ಲ?

ವಾಟರ್‌ಲೂ_ವಾಸಿ:
ಅದು ಆಮಿಶ್. 1693ರಲ್ಲಿ ಯಾಕೋಬ್ ಅಮ್ಮನ್ ಹಿಂದೆ ಒಡೆದು ಹೋದವರು. ನಮ್ಮ ಒಂಟಾರಿಯೋದ ಸೇಂಟ್ ಜೇಕಬ್ಸ್, ಎಲ್ಮೈರಾ ಕಡೆ ಕುದುರೆ ಗಾಡಿ ಓಡಿಸುವ ಹಳೇ ಸಂಪ್ರದಾಯದ ಮೆನ್ನೋನೈಟರೂ ಇದ್ದಾರೆ. ಆದರೆ ಬಹುಪಾಲು ಮೆನ್ನೋನೈಟರು ಕಾರು ಓಡಿಸುವವರು, ನಿಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನಲ್ಲೇ ಇರಬಹುದು, ಗೊತ್ತೇ ಆಗುವುದಿಲ್ಲ. ಶುರುವಾದದ್ದು 1525ರಲ್ಲಿ ಜ್ಯೂರಿಕ್‌ನಲ್ಲಿ. ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಬೇಡ, ದೊಡ್ಡವರಾಗಿ ಸ್ವಂತ ಇಷ್ಟದಿಂದ ತೆಗೆದುಕೊಳ್ಳಬೇಕು ಅಂದರು. ಅಷ್ಟಕ್ಕೇ ಅವರನ್ನು ನೀರಿನಲ್ಲಿ ಮುಳುಗಿಸಿ ಕೊಂದರು, ಸುಟ್ಟರು. ಮೆನ್ನೋ ಸಿಮನ್ಸ್ ಅನ್ನುವ ಡಚ್ ಪಾದ್ರಿ 1536ರಲ್ಲಿ ಬಂದು ಸೇರಿಕೊಂಡ, ಹೆಸರು ಅವನಿಂದ ಬಂತು. ಕತ್ತಿ ಹಿಡಿಯಬಾರದು, ಸೈನ್ಯಕ್ಕೆ ಸೇರಬಾರದು ಅನ್ನುವುದು ಇವರ ಗಟ್ಟಿ ನಂಬಿಕೆ.

ಓಪಿಗೆ (ಪ್ರಶ್ನೆ ಹಾಕಿದವರಿಗೆ): ಕಪ್ಪೇ ಆಗಬೇಕಿಲ್ಲ, ಗಾಢ ಬಣ್ಣದ ಸಾದಾ ಬಟ್ಟೆ ಸಾಕು. ಹೂವಿನ ಬದಲು ಅವರ ಪರಿಹಾರ ಸಂಸ್ಥೆಯಾದ ಮೆನ್ನೋನೈಟ್ ಸೆಂಟ್ರಲ್ ಕಮಿಟಿಗೆ ದೇಣಿಗೆ ಕೊಡಿ ಅಂತ ಪ್ರಕಟಣೆಯಲ್ಲೇ ಬರೆದಿರುತ್ತಾರೆ, ನೋಡಿ.

ವಿನ್ನಿಪೆಗ್_ಚಳಿ:
ಹೌದು, ಕೊನೆಯ ಸಾಲಿನಲ್ಲಿ ಹಾಗೇ ಇದೆ. ಥ್ಯಾಂಕ್ಸ್.

ಹುಬ್ಬಳ್ಳಿಯವ:
ಊಟದ ಚಿಂತೆ ಬಿಡಿ ಸರ್. ನಾನು ಮ್ಯಾನಿಟೋಬಾದ ಸ್ಟೈನ್‌ಬಾಕ್‌ನಲ್ಲಿ ಇದ್ದಾಗ ಇಂಥ ಎರಡು ಮೂರು ಅಂತ್ಯಕ್ರಿಯೆಗೆ ಹೋಗಿದ್ದೆ. ಬನ್, ಒಣದ್ರಾಕ್ಷಿ ಬ್ರೆಡ್, ಚೀಸ್, ಉಪ್ಪಿನಕಾಯಿ ಸೌತೆ, ಕಾಫಿ, ಸಕ್ಕರೆ ಅಚ್ಚು (ಶುಗರ್ ಕ್ಯೂಬ್). ಮುದುಕರು ಸಕ್ಕರೆ ಅಚ್ಚನ್ನು ಕಾಫಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಹ್ಯಾಮ್ ಇಟ್ಟರೆ ಬೇರೆ ತಟ್ಟೆಯಲ್ಲಿ ಇರುತ್ತದೆ. ಬೋರ್ಷ್ಟ್ ಸಾರು ಮಾತ್ರ ಕೇಳದೆ ಮುಟ್ಟಬೇಡಿ. ನೋಡಲು ಬರೀ ಎಲೆಕೋಸು, ಆಲೂಗಡ್ಡೆ, ಒಳಗೆ ಎಲುಬು ಹಾಕಿ ಕುದಿಸಿರುತ್ತಾರೆ.

ಗೃಹಿಣಿ_ಅಲ್ಲ:
ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. "ನಂಬಿಗಸ್ತ ತಾಯಿ, ಪ್ರಾರ್ಥನೆಯ ಹೆಂಗಸು." ನಮ್ಮ ಅಜ್ಜಿಯ ವೈಕುಂಠ ಸಮಾರಾಧನೆ ಕಾರ್ಡಿನಲ್ಲೂ "ಸಾಧ್ವಿ, ದೈವಭಕ್ತೆ" ಅಂತಲೇ ಹಾಕಿದ್ದರು. ಅಜ್ಜಿಗೆ ಲೆಕ್ಕ ಎಷ್ಟು ಚುರುಕು, ಇಡೀ ಊರಿಗೆ ಚೀಟಿ ನಡೆಸುತ್ತಿದ್ದಳು, ಅದು ಎಲ್ಲೂ ಬರಲಿಲ್ಲ. ಹೆಂಗಸು ಸತ್ತರೆ ಎಷ್ಟು ಹೆತ್ತಳು, ಎಷ್ಟು ಬೇಯಿಸಿದಳು ಅಂತ ಬರೆಯುತ್ತಾರೆ. ಈ ಓಮಾ ತಮಗೋಸ್ಕರ ಏನು ಬಯಸಿದ್ದರು? ಚರ್ಚಿನಲ್ಲಿ ಬಾಯಿ ತೆರೆಯಲು ಬಿಡುತ್ತಿದ್ದರಾ?

ಇತಿಹಾಸದ_ಹುಳ:
ಇವರ ಎಷ್ಟೋ ಚರ್ಚುಗಳಲ್ಲಿ 1950-60ರ ದಶಕದವರೆಗೂ ತೀರ್ಮಾನ ಆಗುತ್ತಿದ್ದದ್ದು ಗಂಡಸರ ಕೂಟದಲ್ಲೇ, ಹೆಂಗಸರಿಗೆ ಮತ ಇರಲಿಲ್ಲ. ಹಾಗಂತ ಎಲ್ಲ ಒಂದೇ ತರ ಅಲ್ಲ. ಅಮೆರಿಕದಲ್ಲಿ ಆನ್ ಅಲೆಬಾಕ್ ಅನ್ನುವವರಿಗೆ 1911ರಲ್ಲೇ ಪಾದ್ರಿ ದೀಕ್ಷೆ ಆಗಿತ್ತು. ಆಮೇಲೆ ಬಹಳ ಕಾಲ ಅದು ಮುಂದುವರಿಯಲಿಲ್ಲ, ಅದು ಬೇರೆ ವಿಷಯ.

ಆದರೆ ಓಮಾ ಅವರ ಪೀಳಿಗೆಯ ಕಥೆ ಬೇರೆಯೇ. 1937-38ರಲ್ಲಿ ಸೋವಿಯತ್ ಪೊಲೀಸರು ಆ ಹಳ್ಳಿಗಳಿಂದ ಗಂಡಸರನ್ನು ಎತ್ತಿಕೊಂಡು ಹೋದರು, ಹೆಚ್ಚಿನವರು ವಾಪಸ್ ಬರಲಿಲ್ಲ. ಉಳಿದವರು ಹೆಂಗಸರು, ಮುದುಕರು, ಮಕ್ಕಳು. ಊರು ನಡೆಸಿದ್ದು, ಗಾಡಿ ಹೊಡೆದದ್ದು, ಪರಾಗ್ವೆಯ ಚಾಕೋದಲ್ಲಿ ಮುಳ್ಳುಪೊದೆ ಕಡಿದು ಮಣ್ಣಿನ ಮನೆ ಕಟ್ಟಿದ್ದು ಹೆಂಗಸರೇ. ಅಲ್ಲಿನ ನೊಯ್‌ಲಾಂಡ್ ವಸಾಹತಿನಲ್ಲಿ ಒಂದು ಹಳ್ಳಿಗೆ ಜನ "ಹೆಂಗಸರ ಹಳ್ಳಿ" ಅಂತಲೇ ಹೇಳುತ್ತಿದ್ದರು. ಕೆಲಸಕ್ಕೆ ಹೆಂಗಸು ಬೇಕು, ತೀರ್ಮಾನಕ್ಕೆ ಬೇಡ. ಗೃಹಿಣಿ_ಅಲ್ಲ ಅವರ ಸಿಟ್ಟು ಸುಮ್ನೆ ಅಲ್ಲ.

ತುಂಗಭದ್ರಾ_ದಂಡೆ:
ನಾನು ರಾಯಚೂರಿನವನು. ನಮ್ಮ ತಾಯಿಯ ತವರು ಗದ್ವಾಲ ಕಡೆ, ಅವರು ಮೆನ್ನೋನೈಟರದೇ ಒಂದು ಶಾಖೆಯಾದ ಮೆನ್ನೋನೈಟ್ ಬ್ರದರನ್ ಸಭೆಯವರು. ಇಲ್ಲಿ ಯಾರಿಗೂ ಇದು ಗೊತ್ತಿರುವುದಿಲ್ಲ. ಮೆನ್ನೋನೈಟ್ ಅಂದರೆ ಬಿಳಿಯರು ಅಂದುಕೊಳ್ಳುತ್ತಾರೆ. ಅಬ್ರಹಾಂ ಫ್ರೀಸೆನ್ ಮತ್ತು ಅವರ ಹೆಂಡತಿ ಮರಿಯಾ 1889ರಲ್ಲಿ ಅದೇ ರಷ್ಯಾ ಸಾಮ್ರಾಜ್ಯದ ಮೆನ್ನೋನೈಟ್ ಹಳ್ಳಿಗಳಿಂದ ಹೊರಟು ನಲ್ಗೊಂಡಕ್ಕೆ ಬಂದವರು. ಆಮೇಲೆ ಅಮೆರಿಕದಿಂದಲೂ ಬಂದರು. ಮಹಬೂಬ್‌ನಗರ ಸುತ್ತಲೆಲ್ಲ ಈಗಲೂ ಅವರ ಸಭೆಗಳಿವೆ, ಜಡ್ಚರ್ಲದಲ್ಲಿ ಆಸ್ಪತ್ರೆ ಇದೆ. ನಮ್ಮ ಅಜ್ಜಿಗೆ ತೆಲುಗು ಹಾಡುಗಳೆಲ್ಲ ಬಾಯಿಪಾಠ, ಓದಲು ಮಾತ್ರ ಬರುತ್ತಿರಲಿಲ್ಲ. ಓಮಾ ಹುಟ್ಟಿದ ಸೀಮೆಯಿಂದಲೇ ಹೊರಟ ಜನ ನಮ್ಮ ಅಜ್ಜಿಯ ಊರಿನವರೆಗೂ ಬಂದಿದ್ದರು ನೋಡಿ.

ಕಡಲ_ಹುಡುಗಿ:
ಓ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ತರಾನಾ? ಕಿಟ್ಟೆಲ್ ಎಲ್ಲ?

ತುಂಗಭದ್ರಾ_ದಂಡೆ:
ಅಲ್ಲ ಅಕ್ಕ, ಅದು ಬೇರೆ ಇದು ಬೇರೆ. ಬಾಸೆಲ್ ಮಿಷನ್ ಶಿಶುಗಳಿಗೂ ದೀಕ್ಷಾಸ್ನಾನ ಕೊಡುತ್ತಿತ್ತು. ಇವರ ಮೂಲ ಜಗಳವೇ ಅದು. ಇವರಲ್ಲಿ ಹೆಂಚಿನ ಕಾರ್ಖಾನೆಯೂ ಇಲ್ಲ, ನಿಘಂಟೂ ಇಲ್ಲ.

ಕಡಲ_ಹುಡುಗಿ:
ಹೆಂಚು ಇಲ್ಲದಿದ್ದರೆ ನಮಗೆ ಆಸಕ್ತಿ ಇಲ್ಲ 😄

ವಿನ್ನಿಪೆಗ್_ಚಳಿ:
ಗೃಹಿಣಿ_ಅಲ್ಲ ಅವರ ಪ್ರಶ್ನೆ ನೆತ್ತಿಗೆ ಹೊಡೆದ ಹಾಗಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬರೆದರೆ ನನಗೂ ಸ್ಪಷ್ಟ ಆಗಬಹುದು.

ಓಮಾ ಜೋರಾಗಿ ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿಲ್ಲ. ಊಟಕ್ಕೆ ಮೊದಲು ತಲೆ ತಗ್ಗಿಸಿ ಸುಮ್ಮನೆ ಕೂರುತ್ತಿದ್ದರು, ಮುಗಿಯಿತು. ನಮಗೆ ಒಂದು ದಿನವೂ ಧರ್ಮದ ಮಾತಾಡಲಿಲ್ಲ. ಮಂಗಳವಾರ ಬೆಳಿಗ್ಗೆ ಮಾತ್ರ ಯಾರು ಬಂದರೂ ಸಿಗುತ್ತಿರಲಿಲ್ಲ. ಚರ್ಚಿನಲ್ಲಿ ಹೆಂಗಸರು ಕೂತು ಕೌದಿ ಹೊಲಿಯುವ ದಿನ. ಬಟ್ಟೆಯ ಚೌಕಗಳನ್ನು ಜೋಡಿಸಿ, ನಡುವೆ ಹತ್ತಿ ಹಾಸಿ, ದಪ್ಪ ನೂಲಿನಿಂದ ಅಲ್ಲಲ್ಲಿ ಗಂಟು ಹಾಕುತ್ತಾರೆ. ಯಾವ ಯಾವುದೋ ದೇಶದ ನಿರಾಶ್ರಿತರಿಗೆ ಹೋಗುತ್ತವೆ. ಓಮಾ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಸೂಜಿ ಚುಚ್ಚುವುದು ಆಗುತ್ತಿತ್ತು, ಎಳೆಯುವುದು ಆಗುತ್ತಿರಲಿಲ್ಲ. ಅದಕ್ಕೆ ತೀರಿಹೋದ ಗಂಡನ ಉಪಕರಣಗಳ ಡಬ್ಬಿಯಿಂದ ಸಣ್ಣ ಇಕ್ಕಳ ತಂದು ಸೂಜಿಯ ತುದಿ ಕಚ್ಚಿಸಿ ಎಳೆಯುತ್ತಿದ್ದರು. ಇಕ್ಕಳದ ಹಿಡಿಗೆ ಹಳೇ ಕಾಲುಚೀಲದ ಬಟ್ಟೆ ಸುತ್ತಿತ್ತು. ಅದನ್ನು ಯಾರಾದರೂ ಜಾಗ ಬದಲಿಸಿದರೆ ಮಾತ್ರ ಸಿಟ್ಟು.

ಇನ್ನೊಂದು. ಕರಡಿನಲ್ಲಿ ಇಲ್ಲವೇ ಇಲ್ಲದ ಸಂಗತಿ. ವಿನ್ನಿಪೆಗ್‌ಗೆ ಬಂದಮೇಲೆ ಓಮಾ ಗಾರ್ಮೆಂಟ್ ಫ್ಯಾಕ್ಟರಿಗೆ ಸೇರಿದರು. ಮದುವೆಯಾದ ಮೇಲೂ, ಮಕ್ಕಳಾದ ಮೇಲೂ ಹೋದರು. ಪೀಸ್ ಲೆಕ್ಕದ ಕೂಲಿ. ಈ ಮನೆಯ ಸಾಲ ತೀರಿದ್ದು ಜಾಸ್ತಿ ಆ ದುಡ್ಡಿನಲ್ಲೇ ಅಂತ ಅವರೇ ಹೇಳಿದ್ದರು. ನರ್ಸ್ ಆಗಬೇಕು ಅನ್ನುವ ಆಸೆ ಇತ್ತಂತೆ. ಶಾಲೆ ಚಾಕೋದಲ್ಲೇ ನಿಂತುಹೋಯಿತು. ಅದನ್ನು ನಗುತ್ತಾ ಹೇಳಿದರು, ಆದರೆ ಪಾತ್ರೆ ಉಜ್ಜುತ್ತಾ ಆ ಕಡೆ ತಿರುಗಿ ಹೇಳಿದರು.

ಗೃಹಿಣಿ_ಅಲ್ಲ:
ಅಯ್ಯೋ ಇದನ್ನೇ ಹೇಳಿ ಮಾರಾಯ್ರೇ! ಫ್ಯಾಕ್ಟರಿ ಯಾಕೆ ಬಿಟ್ಟರು ಕರಡಿನಲ್ಲಿ?

ಹುಬ್ಬಳ್ಳಿಯವ:
ಬೇಕಂತ ಬಿಟ್ಟಿರಲಿಕ್ಕಿಲ್ಲ. ಆ ಬರಹಕ್ಕೆ ಒಂದು ಅಚ್ಚು ಇದೆ. ಹುಟ್ಟು, ದೀಕ್ಷೆ, ವಲಸೆ, ಮದುವೆ, ಮಕ್ಕಳು, ಕಾಯಿಲೆ, ಕೊನೆಯ ದಿನ. ಸಂಬಳ ಅದರಲ್ಲಿ ಎಲ್ಲೂ ಕೂರುವುದಿಲ್ಲ. ಗಂಡಸರದ್ದಾದರೆ ಹೊಲ ಎಷ್ಟು ಎಕರೆ ಅಂತ ಬರುತ್ತದೆ ಅನ್ನುವುದೂ ನಿಜ.

ಅಂದಹಾಗೆ ಇವರಿಗಿಂತ ಹಿಂದಿನ ತಂಡದ ಕಥೆ ಕೇಳಿ. 1923ರಿಂದ 1930ರೊಳಗೆ ಸುಮಾರು 20,000 ಮೆನ್ನೋನೈಟರು ಸೋವಿಯತ್ ನಾಡಿನಿಂದ ಕೆನಡಾಕ್ಕೆ ಬಂದರು. ಎಷ್ಟೋ ಜನ ಬಂದದ್ದು ಕೆನಡಿಯನ್ ಪೆಸಿಫಿಕ್ ರೈಲ್ವೆಯ ಸಾಲದ ಮೇಲೆ. ಆ ಸಾಲ ತೀರಿಸಲು ಹಳ್ಳಿಯ ಹುಡುಗಿಯರನ್ನು ವಿನ್ನಿಪೆಗ್‌ನ ಶ್ರೀಮಂತರ ಮನೆಗೆಲಸಕ್ಕೆ ಕಳಿಸಿದರು. ಅವರಿಗೋಸ್ಕರ ಚರ್ಚಿನವರು ಹುಡುಗಿಯರ ಮನೆ ಅಂತ ನಡೆಸುತ್ತಿದ್ದರು, ಗುರುವಾರ ಮಧ್ಯಾಹ್ನ ರಜೆ ಸಿಕ್ಕರೆ ಅಲ್ಲಿ ಸೇರುತ್ತಿದ್ದರು. ಸಾಲ ಪೂರ್ತಿ ತೀರಿದ್ದು 1946ರಲ್ಲಿ. ಸಮುದಾಯ ಮರ್ಯಾದೆಯಿಂದ ಸಾಲ ತೀರಿಸಿತು ಅಂತ ಹೆಮ್ಮೆ ಪಡುತ್ತಾರೆ. ಅದರಲ್ಲಿ ನೆಲ ಒರೆಸಿದ ಹುಡುಗಿಯರ ಪಾಲು ದೊಡ್ಡದು.

ಇತಿಹಾಸದ_ಹುಳ:
ನಾನು ಸ್ವಲ್ಪ ಕಹಿ ಮಾತು ಹೇಳಬೇಕು. 1943ರಲ್ಲಿ ಊರು ಬಿಟ್ಟಿದ್ದು ಅಂದರೆ ಸೋಲುತ್ತಾ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯದ ಜತೆಗೆ. ಇವರು ಜರ್ಮನ್ ಮೂಲದವರು ಅಂತ ನಾಜಿಗಳು ಕರೆದುಕೊಂಡು ಹೋಗಿ ಪೋಲೆಂಡಿನಲ್ಲಿ ಇಟ್ಟರು, ಪೋಲರನ್ನು ಹೊರಗೆ ಹಾಕಿದ ಮನೆಗಳಲ್ಲಿ. ಆಕ್ರಮಣದ ಕಾಲದಲ್ಲಿ ಉಕ್ರೇನಿನ ಕೆಲವು ಮೆನ್ನೋನೈಟರು ನಾಜಿ ಪೊಲೀಸರಾಗಿಯೂ ಕೆಲಸ ಮಾಡಿದ್ದಾರೆ. ಮೆನ್ನೋನೈಟ್ ಇತಿಹಾಸಕಾರರೇ ಈಗ ಇದನ್ನೆಲ್ಲ ಬಿಡಿಸಿ ಬರೆಯುತ್ತಿದ್ದಾರೆ. "ಶಾಂತಿಪ್ರಿಯ ಜನ, ಬರೀ ಕಷ್ಟಪಟ್ಟರು" ಅನ್ನುವುದು ಅರ್ಧ ಕಥೆ.

ಸುಮ್ನೆ_ಬಂದೆ:
ಒಂಬತ್ತು ವರ್ಷದ ಹುಡುಗಿ ಸಾರ್ ಅದು. ಅಂತ್ಯಕ್ರಿಯೆಗೆ ಹೋಗಿ ಇದನ್ನ ಹೇಳಬೇಕಾ?

ಇತಿಹಾಸದ_ಹುಳ:
ಹೇಳಿ ಅಂದೆನಾ? ಹುಡುಗಿಯ ತಪ್ಪು ಏನಿದೆ. ಇಲ್ಲಿ ಓದುವವರಿಗೆ ಗೊತ್ತಿರಲಿ ಅಂತ ಬರೆದೆ. ಊರಲ್ಲೇ ಉಳಿದಿದ್ದರೆ ಸೈಬೀರಿಯಾ ಅಥವಾ ಕಜಾಕಸ್ತಾನ, ಅದೂ ನಿಜ. ಓಡಿದವರಲ್ಲೂ ಬಹಳಷ್ಟು ಜನರನ್ನು 1945ರಲ್ಲಿ ಸೋವಿಯತ್ ಪಡೆ ಹಿಡಿದು ವಾಪಸ್ ಒಯ್ದಿತು. ಒಳ್ಳೆಯ ದಾರಿ ಯಾವುದೂ ಇರಲಿಲ್ಲ.

ವಿನ್ನಿಪೆಗ್_ಚಳಿ:
ಓಮಾ ಆ ಪೋಲೆಂಡ್ ಮನೆಯ ಬಗ್ಗೆ ಒಮ್ಮೆ ಹೇಳಿದ್ದರು. ಒಳಗೆ ಹೋದಾಗ ಮೇಜಿನ ಮೇಲೆ ಬೇರೆ ಯಾರದೋ ಮಕ್ಕಳ ಬಟ್ಟಲುಗಳಿದ್ದವಂತೆ. ಅಮ್ಮ ಅವನ್ನು ಮುಟ್ಟಲು ಬಿಡಲಿಲ್ಲವಂತೆ. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. 1947ರಲ್ಲಿ ಫೋಲೆಂಡಾಮ್ ಹಡಗು ಹತ್ತಿದ್ದನ್ನು ಮಾತ್ರ ಖುಷಿಯಿಂದ ಹೇಳುತ್ತಿದ್ದರು. ಹಡಗಿನಲ್ಲಿ ಬಿಳಿ ಬ್ರೆಡ್ ಕೊಟ್ಟರು ಅಂತ.

ಶ್ರುತಿ_ಪೆಟ್ಟಿಗೆ:
ಹಾಡಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ! ಮೆನ್ನೋನೈಟರ ಹಾಡು ಕೇಳಿದ್ದೀರಾ? ವಾದ್ಯ ಇಲ್ಲದೆ, ಕೂತವರೆಲ್ಲ ನಾಲ್ಕು ಭಾಗ ಮಾಡಿಕೊಂಡು, ಒಂದೊಂದು ಭಾಗ ಬೇರೆ ಬೇರೆ ಸ್ವರದಲ್ಲಿ, ಒಟ್ಟಿಗೇ ಹಾಡುತ್ತಾರೆ. ಯಾರೂ ಮೊದಲೇ ಕೂತು ಅಭ್ಯಾಸ ಮಾಡಿರುವುದಿಲ್ಲ. ಪಕ್ಕದಲ್ಲಿ ನಿಂತರೆ ಮೈ ಜುಮ್ಮೆನ್ನುತ್ತದೆ.

ವಿನ್ನಿಪೆಗ್_ಚಳಿ:
ಒಳ್ಳೇ ನೆನಪು ಮಾಡಿದಿರಿ. ಓಮಾ ಹತ್ತಿರ ಅವರ ಅಮ್ಮನ ಕೈಬರಹದ ಹಾಡಿನ ಪುಸ್ತಕ ಇತ್ತು. ಸ್ವರ ಗುರುತುಗಳೇ ಇಲ್ಲ, ಸಾಲಿನ ಮೇಲೆ ಬರೀ 1ರಿಂದ 7ರವರೆಗಿನ ಅಂಕಿಗಳು. ರಷ್ಯಾದ ಹಳ್ಳಿ ಶಾಲೆಗಳಲ್ಲಿ ಹಾಗೇ ಕಲಿಸುತ್ತಿದ್ದರಂತೆ. ನನ್ನ ಮಗಳು ಆಗ ಸಂಗೀತ ಪಾಠಕ್ಕೆ ಹೋಗುತ್ತಿದ್ದಳು. ಪುಸ್ತಕ ನೋಡಿ "1 ಅಂದರೆ ಸ, 2 ಅಂದರೆ ರಿ" ಅಂತ ಹಾಡೇಬಿಟ್ಟಳು. ಓಮಾ ಕೆಳಗಿನ ಸ್ವರದಲ್ಲಿ ಸೇರಿಕೊಂಡರು. ಜರ್ಮನ್ ಹಾಡು, ಸರಿಗಮ ಉಚ್ಚಾರಣೆ. ಗಮಕ ಹಾಕಬೇಡ ಅಂತ ನಾನು ಹೇಳಬೇಕಾಯಿತು, ಅವಳು ಎಲ್ಲದಕ್ಕೂ ಎಳೆದು ಎಳೆದು ಹಾಕುತ್ತಿದ್ದಳು.

ಶ್ರುತಿ_ಪೆಟ್ಟಿಗೆ:
ಮಗಳನ್ನು ಕರೆದುಕೊಂಡು ಹೋಗಿ. ಮಾತಿಗಿಂತ ಅದೇ ವಾಸಿ. 1 ಎಲ್ಲಿಂದ ಬೇಕಾದರೂ ಹಿಡಿಯಬಹುದು, ನಮ್ಮ ಆಧಾರ ಷಡ್ಜದ ಲೆಕ್ಕವೇ. ನಾಲ್ಕು ಭಾಗ ಮಾಡುವುದು ಮಾತ್ರ ನಮ್ಮಲ್ಲಿ ಇಲ್ಲ.

ವಾಟರ್‌ಲೂ_ವಾಸಿ:
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನಮ್ಮ ಪಕ್ಕದ ನ್ಯೂ ಹ್ಯಾಂಬರ್ಗ್‌ನಲ್ಲಿ 1967ರಿಂದ ಪ್ರತಿ ವರ್ಷ ಮೇ ಕೊನೆಯಲ್ಲಿ ಮೆನ್ನೋನೈಟ್ ಪರಿಹಾರ ಹರಾಜು ನಡೆಯುತ್ತದೆ. ಹೆಂಗಸರು ಚಳಿಗಾಲವೆಲ್ಲ ಕೂತು ಹೊಲಿದ ಕಸೂತಿ ಕೌದಿಗಳು ಹರಾಜಿಗೆ ಬರುತ್ತವೆ, ಸಾವಿರಗಟ್ಟಲೆ ಡಾಲರಿಗೆ ಹೋಗುತ್ತವೆ. ದುಡ್ಡೆಲ್ಲ ಸೆಂಟ್ರಲ್ ಕಮಿಟಿಗೆ. ಆ ಕಮಿಟಿ ಹುಟ್ಟಿದ್ದೇ 1920ರಲ್ಲಿ, ಓಮಾ ಅವರ ಊರುಗಳ ಕಡೆ ಹಸಿವಿನಿಂದ ಸಾಯುತ್ತಿದ್ದ ತಮ್ಮವರಿಗೆ ಅನ್ನ ಕಳಿಸಲು. ಅನ್ನ ತಿಂದವರ ಮಕ್ಕಳು ಮೊಮ್ಮಕ್ಕಳು ಈಗ ಬೇರೆಯವರಿಗೆ ಹೊಲಿಯುತ್ತಾರೆ.

ಹಳೇ ಸಾಮಾನು ಮಾರುವ ಅವರ ಥ್ರಿಫ್ಟ್ ಅಂಗಡಿಗಳೂ ಹಾಗೇ. ಮೊದಲನೆಯದು ನಿಮ್ಮ ಮ್ಯಾನಿಟೋಬಾದ ಆಲ್ಟೋನಾದಲ್ಲೇ, 1972ರಲ್ಲಿ ಶುರುವಾದದ್ದು. ಹೆಂಗಸರ ಐಡಿಯಾ.

ಸುಮ್ನೆ_ಬಂದೆ:
ನನ್ನ ಮೊದಲ ಚಳಿಗಾಲದ ಜಾಕೆಟ್ ಅಲ್ಲಿಂದಲೇ. ಹೊಸಬರಿಗೆಲ್ಲ ಅದೇ ಗತಿ.

ಹುಬ್ಬಳ್ಳಿಯವ:
ರೋಲ್‌ಕೂಕನ್ ತಿಂದಿದ್ದೀರಾ ಯಾರಾದರೂ? ಬೇಸಿಗೆಯಲ್ಲಿ ಮೈದಾ, ಮೊಟ್ಟೆ, ಕ್ರೀಮು ಕಲಸಿ ಎಣ್ಣೆಯಲ್ಲಿ ಕರಿದು ಕಲ್ಲಂಗಡಿ ಜತೆ ತಿನ್ನುವುದು. ಅದೇ ರಾತ್ರಿ ಊಟ. ನನಗೆ ಮೊದಲು ವಿಚಿತ್ರ ಅನ್ನಿಸಿತು, ಆಮೇಲೆ ಬಿಡಲಾಗಲಿಲ್ಲ.

ಕಡಲ_ಹುಡುಗಿ:
ಕರಿದದ್ದಕ್ಕೆ ಕಲ್ಲಂಗಡಿಯಾ? ಹೊಟ್ಟೆ ಏನಾಗಬೇಕು?

ಹುಬ್ಬಳ್ಳಿಯವ:
ಹೊಟ್ಟೆಗೆ ಏನೂ ಆಗಲ್ಲ, ಗೋಳಿಬಜೆ ತಿನ್ನುವವರು ಕೇಳೋ ಪ್ರಶ್ನೆನಾ ಇದು.

ನಿರ್ವಾಹಕ:
ರೆಸಿಪಿ ಬೇರೆ ಎಳೆಯಲ್ಲಿ ಹಾಕಿ ದಯವಿಟ್ಟು. ಇದು ಒಬ್ಬರ ಅಂತ್ಯಕ್ರಿಯೆಯ ವಿಷಯ.

ಗೃಹಿಣಿ_ಅಲ್ಲ:
ನಿರ್ವಾಹಕರೇ, ಅಂತ್ಯಕ್ರಿಯೆಯಲ್ಲಿ ಊಟದ ಮಾತೇ ಜಾಸ್ತಿ ಇರುತ್ತೆ, ಬಿಡಿ.

ಓಪಿ, ನನ್ನ ಸಲಹೆ: "ದೊಡ್ಡ ಮನಸ್ಸು, ನಿಸ್ವಾರ್ಥ ಸೇವೆ" ಅಂತೆಲ್ಲ ಬೇಡ. ಫ್ಯಾಕ್ಟರಿ ಹೇಳಿ, ಇಕ್ಕಳ ಹೇಳಿ, ಕೂತುಬಿಡಿ. ನರ್ಸ್ ಆಸೆ ಹೇಳಬೇಕೋ ಬೇಡವೋ ಮಕ್ಕಳನ್ನು ಕೇಳಿ. ಅದು ನಿಮಗೆ ಮಾತ್ರ ಹೇಳಿದ್ದಿರಬಹುದು.

ತುಂಗಭದ್ರಾ_ದಂಡೆ:
ಭಕ್ತಿಯನ್ನು ಪೂರ್ತಿ ಪಕ್ಕಕ್ಕೆ ಇಡಬೇಡಿ. ಅವರ ಮನೆಯವರಿಗೆ ಅದೇ ದೊಡ್ಡದು, ಓಮಾಗೂ ಅದೇ ದೊಡ್ಡದಿತ್ತು. ಫ್ಯಾಕ್ಟರಿ ಹೆಂಗಸು ಬೇರೆ, ಚರ್ಚಿನ ಹೆಂಗಸು ಬೇರೆ ಅಂತ ನಾವು ಸೀಳಿದರೆ ಕರಡು ಬರೆದವರು ಮಾಡಿದ್ದನ್ನೇ ಉಲ್ಟಾ ಮಾಡಿದ ಹಾಗೆ.

ಗೃಹಿಣಿ_ಅಲ್ಲ:
ಒಪ್ಪಿದೆ, ಅರ್ಧ.

ವಿನ್ನಿಪೆಗ್_ಚಳಿ:
ಹೋಗಿ ಬಂದೆವು. ತುಂಬ ಜನ ಸೇರಿದ್ದರು. ಸಮಾಧಿ ಹತ್ತಿರ ಗಾಳಿ ಕೊರೆಯುತ್ತಿತ್ತು, ಆದರೂ ಹಾಡು ನಿಲ್ಲಿಸಲಿಲ್ಲ, ಶ್ರುತಿ_ಪೆಟ್ಟಿಗೆ ಹೇಳಿದ ಹಾಗೇ ನಾಲ್ಕು ಭಾಗ.

ಮಕ್ಕಳನ್ನು ಮೊದಲೇ ಕೇಳಿದೆ. ಫ್ಯಾಕ್ಟರಿ ವಿಷಯ ಕರಡಿನಲ್ಲಿ ಯಾಕಿಲ್ಲ ಅಂದರೆ ದೊಡ್ಡ ಮಗ "ಅದು ಕೆಲಸ ತಾನೇ" ಅಂದರು. ಕಿರಿಯ ಮಗಳು ಅಣ್ಣನ ಮುಖ ನೋಡಿ "ನೀನು ಹಾಕಿಕೊಂಡ ಶಾಲೆ ಶೂ ಆ ಕೆಲಸದ್ದು" ಅಂದಳು. ನರ್ಸ್ ಆಸೆ ಅವಳಿಗೂ ಗೊತ್ತಿತ್ತು. ಅದನ್ನು ಹೇಳಬೇಡಿ ಅಂದಳು, ನಾನು ಹೇಳಲಿಲ್ಲ.

ಮೂರು ನಿಮಿಷ ಮಾತಾಡಿದೆ. ಪೀಸ್ ಲೆಕ್ಕದ ಕೂಲಿ ಅಂದ ತಕ್ಷಣ ಹಿಂದಿನ ಮೇಜಿನ ಮುದುಕಿಯರಲ್ಲಿ ಗದ್ದಲ ಶುರು. ಅವರೂ ಅದೇ ಕಾಲದಲ್ಲಿ ಹೊಲಿಗೆ ಫ್ಯಾಕ್ಟರಿಗಳಲ್ಲಿ ದುಡಿದವರು. ಒಬ್ಬರು ಎದ್ದು ಅವರ ಮನೆಮಾತು ಪ್ಲಾಟ್‌ಡೀಚ್‌ನಲ್ಲಿ (ಒಂದು ಬಗೆಯ ಜರ್ಮನ್) ಏನೋ ಹೇಳಿದರು, ಅರ್ಧ ಹಾಲ್ ಬಿದ್ದು ಬಿದ್ದು ನಕ್ಕಿತು. ಪಕ್ಕದವರು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: ಸೂಪರ್‌ವೈಸರ್ ಬಂಡಲು ಎಣಿಸಿದ ಮೇಲೆ ಓಮಾ ಪ್ರತಿ ಸಲ ಅವನೆದುರಿಗೇ ಇನ್ನೊಮ್ಮೆ ಎಣಿಸುತ್ತಿದ್ದರಂತೆ. ಕಮ್ಮಿ ಬಂದರೆ ಎದ್ದು ಹೋಗುತ್ತಿರಲಿಲ್ಲವಂತೆ. ಇದು ನನಗೂ ಹೊಸದು, ಮಕ್ಕಳಿಗೂ ಹೊಸದು.

ಮಗಳು ಹಾಡಲಿಲ್ಲ. ನಾಚಿಕೆ. ಸಕ್ಕರೆ ಅಚ್ಚು ಮಾತ್ರ ಜೇಬಿಗೆ ತುಂಬಿಕೊಂಡಳು.

ಗೃಹಿಣಿ_ಅಲ್ಲ:
ಅವನೆದುರಿಗೇ ಎಣಿಸುತ್ತಿದ್ದರು!! ಓಮಾಗೆ ದೊಡ್ಡ ನಮಸ್ಕಾರ.

ಕಡಲ_ಹುಡುಗಿ:
ನಮ್ಮ ಕನ್ನಡ ಕೂಟದ ಹೆಂಗಸರ ಹತ್ತಿರ ಉಡದೆ ಇಟ್ಟ ಸೀರೆ ರಾಶಿ ಇದೆ. ಆ ಕೌದಿ ಗುಂಪಿಗೆ ಕೊಟ್ಟರೆ ತಗೋತಾರಾ?

ವಿನ್ನಿಪೆಗ್_ಚಳಿ:
ಮಂಗಳವಾರ ಹೋಗಿ ಕೇಳುತ್ತೇನೆ. ಜಾರ್ಜೆಟ್, ಶಿಫಾನ್ ಬೇಡವೇ ಬೇಡ, ಗಂಟು ನಿಲ್ಲುವುದಿಲ್ಲ. ಕಾಟನ್ ಇದ್ದರೆ ಫೋಟೋ ಕಳಿಸಿ.

ಹುಬ್ಬಳ್ಳಿಯವ:
ಇಳಕಲ್ ಸೀರೆ ಯಾರೂ ಕತ್ತರಿಸಬೇಡಿ, ಮೊದಲೇ ಹೇಳಿದ್ದೇನೆ.

ಕಡಲ_ಹುಡುಗಿ:
ಇಳಕಲ್ ನಿಮ್ಮ ಹತ್ತಿರವೇ ಇರಲಿ ಸ್ವಾಮಿ. ನಾನು ಕೇಳಿದ್ದು ಮದುವೆ ಮನೆಯಲ್ಲಿ ಸಿಕ್ಕಿದ ಕಾಟನ್ ಸೀರೆಗಳ ಬಗ್ಗೆ.